ಹೇಳಿದ ಮಾತು ಕೊನೆಯ ತೂಬಿಗೆ ಮುಟ್ಟಿತೇ? ಸಂಸ್ಥೆಯೊಳಗಿನ ಸಂವಹನಕ್ಕೊಂದು ಕೈಪಿಡಿ

ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಗೆ ನಾನು ವ್ಯವಸ್ಥಾಪಕನಾಗಿ ಸೇರಿದ ಮೊದಲ ವರ್ಷದ ಮಾತಿದು. ಪರಊರಿಗೆ ಹೋಗಿದ್ದ ಸಾಹುಕಾರರು ಸಂಜೆ ಫೋನು ಮಾಡಿ, "ನಾಳೆ ನಸುಕಿನ ಲಾರಿಗೆ ಸೋನಾ ಮಸೂರಿ ಇನ್ನೂರು ಚೀಲ ಹೇರಿಸಿಬಿಡ್ರಿ" ಎಂದರು. ನಾನು "ಆತ್ರಿ ಸಾಹುಕಾರ್ರ" ಎಂದು ಹೇಳಿ ಗುಮಾಸ್ತರಿಗೆ ತಿಳಿಸಿದೆ, ಗುಮಾಸ್ತರು ಹಮಾಲರ ಮೇಸ್ತ್ರಿಗೆ ತಿಳಿಸಿದರು, ಮೇಸ್ತ್ರಿ ತನ್ನ ಹುಡುಗರಿಗೆ ತಿಳಿಸಿದ. ಲಾರಿ ಹೊತ್ತಿಗೆ ಸರಿಯಾಗಿ ಹೊರಟಿತು. ಆದರೆ ಗೋದಾಮಿನಲ್ಲಿ ಅದೇ ಅಕ್ಕಿ 25 ಕಿಲೋ ಚೀಲದಲ್ಲಿಯೂ ಇತ್ತು, 50 ಕಿಲೋ ಚೀಲದಲ್ಲಿಯೂ ಇತ್ತು. ಸಾಹುಕಾರರ ಮನಸ್ಸಿನಲ್ಲಿದ್ದದ್ದು 50ರ ಚೀಲ, ಹಮಾಲರ ಕೈಗೆ ಹತ್ತಿರವಿದ್ದದ್ದು 25ರ ಚೀಲ. ಹೀಗೆ 100 ಕ್ವಿಂಟಲ್ ಹೋಗಬೇಕಾದಲ್ಲಿಗೆ 50 ಕ್ವಿಂಟಲ್ ಹೋಯಿತು. ಅಷ್ಟೇ ಅಲ್ಲ, ನಮ್ಮ ಅಂಗಳದಲ್ಲಿ ರೈತರ ಭತ್ತದ ಲೆಕ್ಕ ನಡೆಯುವುದು 75 ಕಿಲೋ ಚೀಲದ ಮೇಲೆ. ಎಂದರೆ "ಚೀಲ" ಎಂಬ ಒಂದೇ ಶಬ್ದಕ್ಕೆ ಒಂದೇ ಕಾಂಪೌಂಡಿನೊಳಗೆ ಮೂರು ತೂಕಗಳಿದ್ದವು, ಮತ್ತು ಆ ಶಬ್ದವನ್ನು ದಿನಕ್ಕೆ ನೂರು ಸಲ ಬಳಸುತ್ತಿದ್ದ ನಮಗಾರಿಗೂ ಅದು ತೊಡಕೆನಿಸಿರಲಿಲ್ಲ.

ಮರುದಿನ ವಿಚಾರಣೆ ನಡೆದಾಗ ಸಾಹುಕಾರರು, ನಾನು, ಗುಮಾಸ್ತರು, ಮೇಸ್ತ್ರಿ, ನಾಲ್ವರೂ ಒಂದೇ ವಾಕ್ಯ ಹೇಳಿದೆವು: "ನಾ ಹೇಳಿದ್ದೆ." ನಾಲ್ವರೂ ಹೇಳಿದ್ದು ನಿಜವೇ ಆಗಿತ್ತು. ಸಂಸ್ಥೆಗಳೊಳಗೆ ಕೆಲಸ ಕೆಡುವುದು ಯಾರೂ ಹೇಳದೆ ಇದ್ದುದರಿಂದ ಅಲ್ಲ; ಹೇಳಿದ್ದು ಎಲ್ಲಿಯವರೆಗೆ ಮುಟ್ಟಿತು, ಯಾವ ರೂಪದಲ್ಲಿ ಮುಟ್ಟಿತು ಎಂದು ಯಾರೂ ನೋಡದೆ ಇದ್ದುದರಿಂದ ಎಂಬುದನ್ನು ಆ 50 ಕ್ವಿಂಟಲ್ ಅಕ್ಕಿ ನನಗೆ ಕಲಿಸಿತು. ಆಮೇಲೆ ಗಿರಣಿಯಲ್ಲಿಯೂ, ಬಳ್ಳಾರಿ ಸಮೀಪದ ಒಂದು ಕಾರ್ಖಾನೆಯಲ್ಲಿಯೂ ದುಡಿದು ಕಂಡುಕೊಂಡ ಕ್ರಮಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಹತ್ತು ಜನರ ಅಂಗಡಿಗೂ, ಸಹಕಾರ ಸಂಘಕ್ಕೂ, ಮೂರು ಪಾಳಿಯ ಕಾರ್ಖಾನೆಗೂ ಇವು ಬಹುಪಾಲು ಹೊಂದುತ್ತವೆ.

ಅಳತೆಯನ್ನು ಕೊನೆ ಭಾಗದಲ್ಲಿ ಮಾಡಿ

ಮುನಿರಾಬಾದಿನ ಅಣೆಕಟ್ಟೆಯಿಂದ ಹೊರಡುವ ತುಂಗಭದ್ರಾ ಎಡದಂಡೆ ನಾಲೆ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಸುಮಾರು 227 ಕಿಲೋಮೀಟರ್ ಹರಿಯುತ್ತದೆ. ಈ ಭಾಗದಲ್ಲಿ ಬದುಕಿದವರಿಗೆ ಒಂದು ಸಂಗತಿ ಗೊತ್ತು: ನಾಲೆಯ ತಲೆಯಲ್ಲಿ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದು ಒಂದು ಲೆಕ್ಕ, ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದ ಹೊಲಕ್ಕೆ ಎಷ್ಟು ಮುಟ್ಟಿತು ಎಂಬುದು ಬೇರೆಯೇ ಲೆಕ್ಕ. ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗಿಳಿದಾಗ "ನೀರು ಬಿಡಿ" ಎಂದಷ್ಟೇ ಕೇಳುವುದಿಲ್ಲ, ಇಂತಿಂಥ ಮೈಲಿನಲ್ಲಿ ಇಷ್ಟು ಅಡಿ ಗೇಜ್ (ನೀರಿನ ಮಟ್ಟ) ಕಾಯ್ದುಕೊಳ್ಳಿ ಎಂದು ಕೇಳುತ್ತಾರೆ. ಅನುಭವದಿಂದ ಬಂದ ಬೇಡಿಕೆ ಅದು. ನಡುವೆ ಎಷ್ಟು ಪಂಪ್‌ಸೆಟ್ ಕೂತಿವೆ, ಎಷ್ಟು ತೂಬು ಒಡೆದಿವೆ, ಎಲ್ಲಿ ಹೂಳು ತುಂಬಿದೆ ಎಂಬುದು ತಲೆಯಲ್ಲಿ ನಿಂತವರಿಗೆ ಕಾಣುವುದಿಲ್ಲ.

ಸಂಸ್ಥೆಯ ಮಾತಿಗೂ ಇದೇ ಗತಿ. ಮುಖ್ಯಸ್ಥರು ಹೇಳಿದ್ದರಲ್ಲಿ ವಿಭಾಗದ ಅಧಿಕಾರಿ ತನಗೆ ಬೇಕಾದಷ್ಟನ್ನು ಹಿಡಿದಿಟ್ಟುಕೊಳ್ಳುತ್ತಾನೆ. ಮೇಲ್ವಿಚಾರಕನಿಗೆ ಅರ್ಥವಾಗದ ಭಾಗ ಅಲ್ಲಿಯೇ ಇಂಗುತ್ತದೆ. ಕೆಲಸ ಮಾಡುವವನ ಬಳಿಗೆ ಬರುವಾಗ "ಯಾಕೆ" ಎಂಬುದು ಹೋಗಿ "ಏನು" ಎಂಬುದು ಮಾತ್ರ, ಅದೂ ಅರ್ಧ, ಉಳಿದಿರುತ್ತದೆ. ಆದ್ದರಿಂದ ನಿಮ್ಮ ಸಂಸ್ಥೆಯ ಸಂವಹನ ಹೇಗಿದೆ ಎಂದು ತಿಳಿಯಬೇಕಾದರೆ ಸಮೀಕ್ಷೆ ಮಾಡಿಸಬೇಕಾಗಿಲ್ಲ. ಈ ವಾರ ನೀವು ಹೊರಡಿಸಿದ ಒಂದೇ ಒಂದು ಸೂಚನೆಯನ್ನು ಆರಿಸಿಕೊಂಡು, ಅದನ್ನು ಕೈಯಾರೆ ಮಾಡಬೇಕಾದ ಕಟ್ಟಕಡೆಯ ವ್ಯಕ್ತಿಯ ಬಳಿಗೆ ನೀವೇ ನಡೆದುಹೋಗಿ, "ಈ ವಿಷಯದಲ್ಲಿ ನಿಮಗೆ ಯಾರು, ಏನು ಹೇಳಿದರು?" ಎಂದು ಕೇಳಿ. ಪರೀಕ್ಷೆ ಮಾಡುವ ದನಿಯಲ್ಲಿ ಕೇಳಬೇಡಿ. ಚಹಾದ ಹೊತ್ತಿನಲ್ಲಿ, ನಿಂತಲ್ಲೇ ಕೇಳಿ. ಬರುವ ಉತ್ತರವನ್ನು ನೀವು ಬರೆದ ಸೂಚನೆಯ ಪಕ್ಕದಲ್ಲಿಟ್ಟು ಓದಿದರೆ ನಾಲೆ ಎಲ್ಲಿ ಸೋರುತ್ತಿದೆ ಎಂಬುದು ತಾನಾಗಿ ಕಾಣುತ್ತದೆ. ಸೋರಿಕೆ ಕಂಡಾಗ ನಡುವಿನವರನ್ನು ಬೈಯುವುದು ಸುಲಭ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ಸೋರಿಕೆ ಇರುವುದು ಮೊದಲ ವಾಕ್ಯದಲ್ಲಿಯೇ.

ಮೊದಲ ವಾಕ್ಯವನ್ನು ಸರಿಪಡಿಸುವುದು

ನಮ್ಮ ಕಚೇರಿಗಳಲ್ಲಿ ಸುತ್ತೋಲೆ ಬರೆಯುವ ಒಂದು ರೂಢಿ ಬೇರೂರಿದೆ. ಸುಗ್ಗಿಯ ಕಾಲದಲ್ಲಿ ಒಂದು ಗಿರಣಿಯ ನೋಟಿಸು ಬೋರ್ಡಿನ ಮೇಲೆ ಹೀಗೊಂದು ಕಾಗದ ಅಂಟಿಸಿತ್ತು: "ಎಲ್ಲಾ ಸಿಬ್ಬಂದಿ ವರ್ಗದವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇತ್ತೀಚಿನ ದಿನಗಳಲ್ಲಿ ತೂಕದ ಕಾಟಾದ ಬಳಿ ವಾಹನಗಳ ನಿಲುಗಡೆಯಿಂದ ಅನಾನುಕೂಲ ಉಂಟಾಗುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ಸಂಬಂಧಪಟ್ಟವರು ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು. ತಪ್ಪಿದಲ್ಲಿ ಶಿಸ್ತು ಕ್ರಮ ಜರುಗಿಸಲಾಗುವುದು." ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಆದರೆ ಓದಿದವನಿಗೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಸಂಬಂಧಪಟ್ಟವರು ಯಾರು, ಸೂಕ್ತ ಕ್ರಮ ಯಾವುದು, ಗಾಡಿ ಇಲ್ಲಿ ನಿಲ್ಲಬಾರದು ಎಂದರೆ ಮತ್ತೆಲ್ಲಿ ನಿಲ್ಲಬೇಕು? ಕಾವಲುಗಾರ ಅದನ್ನು ಕಾಟಾ ಗುಮಾಸ್ತರಿಗೆ ಬರೆದದ್ದು ಎಂದುಕೊಂಡ, ಗುಮಾಸ್ತರು ಕಾವಲುಗಾರನಿಗೆ ಬರೆದದ್ದು ಎಂದುಕೊಂಡರು, ಟ್ರ್ಯಾಕ್ಟರುಗಳು ಅಲ್ಲಿಯೇ ನಿಂತವು.

ಅದನ್ನೇ ಹೀಗೆ ಬರೆಯಬಹುದಿತ್ತು: "ಡಿಸೆಂಬರ್ 1ರಿಂದ ಭತ್ತದ ಟ್ರ್ಯಾಕ್ಟರುಗಳನ್ನು ಕಾಟಾದ ಎದುರಿಗೆ ನಿಲ್ಲಿಸಬಾರದು, ಹಿಂದಿನ ಗೇಟಿನ ಪಕ್ಕದ ಬಯಲಿನಲ್ಲಿ ನಿಲ್ಲಿಸಬೇಕು. ಬಂದ ಗಾಡಿಯನ್ನು ಬಯಲಿಗೆ ಕಳಿಸುವುದು ಗೇಟಿನ ಕಾವಲುಗಾರರ ಹೊಣೆ. ಒಂದು ಸಲಕ್ಕೆ ಎರಡೇ ಗಾಡಿಗಳನ್ನು ಕಾಟಾಕ್ಕೆ ಕರೆಯುವುದು ಕಾಟಾ ಗುಮಾಸ್ತರ ಹೊಣೆ. ಎದುರಿನ ದಾರಿ ಕಟ್ಟಿದರೆ ಅಗ್ನಿಶಾಮಕ ವಾಹನ ಒಳಗೆ ಬರಲಾಗದು, ಅದಕ್ಕಾಗಿ ಈ ಬದಲಾವಣೆ. ಬಯಲು ತುಂಬಿದರೆ ನನಗೆ ಫೋನು ಮಾಡಿ." ಇದರಲ್ಲಿ ಯಾರು, ಏನು, ಎಲ್ಲಿ, ಯಾವಾಗಿನಿಂದ, ಯಾಕೆ ಎಂಬುದರ ಜೊತೆಗೆ, ಎಣಿಸಿದಂತೆ ನಡೆಯದಿದ್ದರೆ ಏನು ಮಾಡಬೇಕು ಎಂಬುದೂ ಇದೆ. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ.

ಬರೆದ ಮೇಲೆ ಒಂದು ಸಣ್ಣ ಶೋಧನೆ ಮಾಡಿ: "-ಲಾಗಿದೆ", "-ಲಾಗುವುದು", "-ತಕ್ಕದ್ದು" ಎಂದು ಮುಗಿಯುವ ಪ್ರತಿಯೊಂದು ಕ್ರಿಯಾಪದದ ಕೆಳಗೂ ಗೆರೆ ಎಳೆದು, ಅದರ ಕರ್ತೃ ಯಾರು ಎಂದು ಕೇಳಿಕೊಳ್ಳಿ. "ಪರಿಶೀಲಿಸಲಾಗುವುದು" ಎಂದರೆ ಯಾರು ಪರಿಶೀಲಿಸುತ್ತಾರೆ? ಉತ್ತರ ನಿಮಗೇ ಗೊತ್ತಿಲ್ಲದಿದ್ದರೆ ಆ ಕೆಲಸ ನಡೆಯುವುದಿಲ್ಲ ಎಂದು ಧೈರ್ಯವಾಗಿ ತಿಳಿಯಬಹುದು. ಕನ್ನಡದ ಕರ್ಮಣಿ ಪ್ರಯೋಗ ಸರ್ಕಾರಿ ಕಡತಗಳಲ್ಲಿ ಇಷ್ಟು ಹುಲುಸಾಗಿ ಬೆಳೆದಿರುವುದಕ್ಕೆ ಅದು ಹೊಣೆಗಾರನ ಹೆಸರನ್ನು ಸಭ್ಯವಾಗಿ ನುಂಗಿಬಿಡುತ್ತದೆ ಎಂಬುದೂ ಒಂದು ಕಾರಣವಿರಬೇಕು ಎಂಬುದು ನನ್ನ ಗುಮಾನಿ.

ಕಾರಣ ಹೇಳುವುದನ್ನು ಹೆಚ್ಚಿನ ಮಾತು ಎಂದು ಬಿಡಬೇಡಿ. "ತೇವ ಹೆಚ್ಚಿರುವ ಭತ್ತ ತಗೋಬೇಡ್ರಿ" ಎನ್ನುವುದಕ್ಕಿಂತ "ತೇವಾಂಶ ಶೇ 17 ದಾಟಿದರೆ ಇಳಿಸಿಕೊಳ್ಳಬೇಡಿ" ಎನ್ನುವುದು ಮೇಲು. ಸರ್ಕಾರದ ಬೆಂಬಲ ಬೆಲೆ ಖರೀದಿಯ ಮಿತಿಯೂ ಅದೇ. ಆದರೆ "ಹಸಿ ಭತ್ತ ಒಟ್ಟಿದರೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ" ಎಂಬ ಒಂದು ವಾಕ್ಯ ಸೇರಿದರೆ, ಮಳೆ ಹನಿಯುತ್ತಿರುವ ಸಂಜೆ 16ರ ತೇವಾಂಶದ ಭತ್ತ ತುಂಬಿದ ಗಾಡಿ ತಾಡಪತ್ರಿ ಇಲ್ಲದೆ ಬಂದಾಗ ಏನು ಮಾಡಬೇಕೆಂದು ಗುಮಾಸ್ತರು ತಾವೇ ನಿರ್ಧರಿಸಬಲ್ಲರು. ಅಂಕಿ ಮಾತ್ರ ಗೊತ್ತಿದ್ದವರು ಅದನ್ನು ಇಳಿಸಿಕೊಂಡು ರಾತ್ರಿಯೆಲ್ಲ ಬಯಲಲ್ಲಿ ಬಿಡುತ್ತಾರೆ.

ಅಳತೆಯ ಮತ್ತು ಕಾಲದ ಶಬ್ದಗಳಿಗೆ ವಿಶೇಷ ಎಚ್ಚರ ಬೇಕು. ನಮ್ಮ ಮಾತಿನಲ್ಲಿ "ನಾಲ್ಕು ದಿನ" ಎಂದರೆ ನಾಲ್ಕು ದಿನವಲ್ಲ, ಸ್ವಲ್ಪ ದಿನ. "ನಾಳೆ ನಾಡಿದ್ದರಾಗ" ಎಂದರೆ ಹೇಳುವವನಿಗೆ ವಾರದೊಳಗೆ, ಕೇಳುವವನಿಗೆ ಎರಡು ದಿನದೊಳಗೆ. ತೋರಣಗಲ್ಲಿನ ಸುತ್ತಲಿನ ಕಾರ್ಖಾನೆಗಳಲ್ಲಿ ಹಿಂದಿ ಮಾತನಾಡುವ ಕೆಲಸಗಾರರೂ ಬೆರೆತಿರುವುದರಿಂದ ಇನ್ನೊಂದು ತೊಡಕುಂಟು: ಹಿಂದಿಯಲ್ಲಿ "ಕಲ್" ಎಂಬ ಒಂದೇ ಪದ ನಿನ್ನೆಗೂ ಸಲ್ಲುತ್ತದೆ, ನಾಳೆಗೂ ಸಲ್ಲುತ್ತದೆ. "ಕಲ್ ಕಾ ಮಾಲ್" ಎಂದಾಗ ಕ್ರಿಯಾಪದವಿಲ್ಲದ ಕಾರಣ ನಿನ್ನೆಯ ಮಾಲೋ ನಾಳೆಯ ಮಾಲೋ ಗೊತ್ತಾಗುವುದಿಲ್ಲ. ರಾತ್ರಿ ಪಾಳಿಯವರಿಗಂತೂ "ಇವತ್ತು ರಾತ್ರಿ 12 ಗಂಟೆ" ಎಂಬುದು ಯಾವ ತಾರೀಖಿಗೆ ಸೇರಿದ್ದು ಎಂಬ ಗೊಂದಲ ತಪ್ಪಿದ್ದಲ್ಲ. ಇದಕ್ಕೆಲ್ಲ ಇರುವ ಮದ್ದು ಒಂದೇ: ತಾರೀಖು ಬರೆಯಿರಿ, ರೈಲ್ವೆಯವರಂತೆ 24 ಗಂಟೆಯ ಲೆಕ್ಕದಲ್ಲಿ ಸಮಯ ಬರೆಯಿರಿ, ಚೀಲದ ಬದಲು ಕಿಲೋ ಅಥವಾ ಕ್ವಿಂಟಲ್ ಬರೆಯಿರಿ.

ಮಾತಿನಲ್ಲಿ ಹಿಡಿಯಲಾಗದ ಸಂಗತಿಯನ್ನು ಮಾತಿನಲ್ಲಿ ಹೇಳಲು ಹೋಗಲೇಬಾರದು. ಬಳ್ಳಾರಿಯ ಜೀನ್ಸ್ ಉದ್ಯಮದಲ್ಲಿ ಬಟ್ಟೆ ಕತ್ತರಿಸುವವರು ಒಂದು ಕಡೆ, ಹೊಲಿಯುವವರು ಇನ್ನೊಂದು ಕಡೆ, ವಾಷಿಂಗ್ ಮಾಡುವವರು ಮತ್ತೊಂದು ಕಡೆ ಇರುತ್ತಾರೆ. "ಸ್ವಲ್ಪ ತಿಳಿ ನೀಲಿ" ಎಂದು ಫೋನಿನಲ್ಲಿ ಹೇಳಿ ಐನೂರು ಪೀಸು ತೊಳೆಸಿದರೆ ಬರುವ ಬಣ್ಣ ಹೇಳಿದವರದೂ ಅಲ್ಲ, ಕೇಳಿದವರದೂ ಅಲ್ಲ. ಬಲ್ಲವರು ಶೇಡ್ ಒಪ್ಪಿಗೆಯಾದ ಒಂದು ಮಾದರಿ ಪೀಸನ್ನೇ ಲಾಟಿನ ಜೊತೆ ಕಟ್ಟಿ ಕಳಿಸುತ್ತಾರೆ. ಫೋಟೋ, ನಕ್ಷೆ, ಮಾದರಿ, ಗುರುತು, ಇವೂ ಸಂವಹನವೇ.

"ಆತ್ರಿ" ಎಂಬ ಉತ್ತರದ ಒಳಗೆ ಏನಿದೆ?

ಈ ಇಡೀ ಬರಹದಲ್ಲಿ ಒಂದೇ ಸಂಗತಿಯನ್ನು ನೆನಪಿಟ್ಟುಕೊಳ್ಳುವಿರಾದರೆ ಇದನ್ನು ಇಟ್ಟುಕೊಳ್ಳಿ ಎನ್ನುತ್ತೇನೆ. ನಮ್ಮ ಭಾಗದಲ್ಲಿ ಮೇಲಿನವರು ಏನು ಹೇಳಿದರೂ ಕೆಳಗಿನವರು "ಆತ್ರಿ" ಎನ್ನುತ್ತಾರೆ. ಅದಕ್ಕೆ ಕನಿಷ್ಠ ನಾಲ್ಕು ಅರ್ಥಗಳುಂಟು: ತಿಳಿಯಿತು, ಮಾಡುತ್ತೇನೆ; ನೀವು ಹೇಳಿದ್ದು ಕೇಳಿಸಿತು, ಅಷ್ಟೇ; ತಿಳಿಯಲಿಲ್ಲ, ಆದರೆ ಮತ್ತೆ ಕೇಳಿದರೆ ನೀವು ಸಿಟ್ಟಾಗುತ್ತೀರಿ; ಇದು ಆಗುವ ಕೆಲಸವಲ್ಲ, ಆದರೆ ನಿಮ್ಮ ಮುಖದ ಮೇಲೆ ಹೇಗೆ ಹೇಳಲಿ? ದನಿ ನಾಲ್ಕಕ್ಕೂ ಒಂದೇ.

ಇದೇ ಬಗೆಯ ಒಂದು ಉತ್ತರ ಜಗತ್ತಿನ ವಿಮಾನಯಾನದ ಅತಿ ದೊಡ್ಡ ದುರಂತದಲ್ಲಿ ಪಾಲು ಪಡೆದಿದೆ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಮುಸುಕಿದ ರನ್‌ವೇಯ ಮೇಲೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಒಂದು ವಿಮಾನದವರು ತಾವು ಮೇಲೇರುತ್ತಿರುವುದಾಗಿ ರೇಡಿಯೋದಲ್ಲಿ ಹೇಳಿದ್ದನ್ನು ನಿಯಂತ್ರಣ ಗೋಪುರದವರು, ಅವರು ಮೇಲೇರಲು ಸಿದ್ಧರಾಗಿ ನಿಂತಿದ್ದಾರೆ ಎಂದು ತಿಳಿದು "ಓಕೆ" ಎಂಬ ಮಾತಿನಿಂದ ಉತ್ತರ ಆರಂಭಿಸಿದರು. ಆ ಬಳಿಕ ವಿಮಾನಯಾನದ ಮಾತುಕತೆಯ ನಿಯಮಗಳು ಬಿಗಿಯಾದವು: "ಟೇಕಾಫ್" ಎಂಬ ಪದವನ್ನು ಅದಕ್ಕೆ ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿಯನ್ನು ರದ್ದುಮಾಡುವಾಗ ಮಾತ್ರ ಬಳಸಬೇಕು; ಬರಿದೇ "ಓಕೆ" ಎನ್ನದೆ ಅನುಮತಿಯ ಮುಖ್ಯ ಅಂಶಗಳನ್ನು ಪೈಲಟ್ ಮರಳಿ ಹೇಳಬೇಕು.

ಈ ಮರಳಿ ಹೇಳುವ ಪದ್ಧತಿಯನ್ನು ಗಿರಣಿಗೂ ಕಚೇರಿಗೂ ತರುವಾಗ ಒಂದು ನಾಜೂಕು ಬೇಕು. "ತಿಳೀತೇನು? ಎಲ್ಲಿ, ಹೇಳು ನೋಡೋಣ" ಎಂದರೆ ಶಾಲೆಯ ಮಾಸ್ತರ ದನಿಯಾಗುತ್ತದೆ, ವಯಸ್ಸಿನಲ್ಲಿ ಹಿರಿಯನಾದ ಮೇಸ್ತ್ರಿಗೆ ಅವಮಾನವಾಗುತ್ತದೆ. ತಪ್ಪು ನನ್ನ ಕಡೆ ಇರಬಹುದು ಎಂಬ ರೀತಿಯಲ್ಲಿ ಕೇಳಬೇಕು. ಲಾರಿ ಪ್ರಸಂಗದ ನಂತರ ನಾನು ಹೀಗೆ ಕೇಳತೊಡಗಿದೆ:

"ಮೇಸ್ತ್ರಿ, ನಾಳಿನ ಲಾರಿ ವಿಷಯ ನಿಮ್ಮ ಹುಡುಗರಿಗೆ ಹೆಂಗ ಹೇಳ್ತೀರಿ, ಒಮ್ಮೆ ನನ್ನ ಮುಂದ ಹೇಳ್ರಿ. ನಾ ಏನಾರ ಬಿಟ್ಟಿದ್ರ ಗೊತ್ತಾಗ್ತದ."

"ಐವತ್ತರ ಚೀಲ ಇನ್ನೂರು, ನಸುಕಿನ್ಯಾಗ ನಾಕಕ್ಕ ಶುರು. ಆದ್ರ ಸಾಹೇಬ್ರ, ಐವತ್ತರ ಚೀಲ ಗೋದಾಮಿನ್ಯಾಗ ನೂರಾ ಅರವತ್ತ ಅದಾವ್ರಿ. ಉಳಿದ ನಲವತ್ತು ಎಲ್ಲಿಂದ ತರೂದು?"

ಗಮನಿಸಿ, ಮರಳಿ ಹೇಳಿಸಿದ್ದರಿಂದ ನನ್ನ ಮಾತು ಸರಿಯಾಗಿ ಮುಟ್ಟಿದ್ದು ಖಾತ್ರಿಯಾಯಿತು, ಅದು ಸಣ್ಣ ಲಾಭ. ನನ್ನ ಸ್ಟಾಕ್ ಪುಸ್ತಕದಲ್ಲಿ ಇಲ್ಲದ, ಮೇಸ್ತ್ರಿಯ ಕಣ್ಣಿಗೆ ಮಾತ್ರ ಕಂಡಿದ್ದ ಸಂಗತಿ ಹಿಂದಿನ ಸಂಜೆಯೇ ನನಗೆ ಮುಟ್ಟಿತು, ಅದು ದೊಡ್ಡ ಲಾಭ. "ಆತ್ರಿ" ಎಂದು ಹೇಳಿ ಹೋಗಿದ್ದರೆ ಅದು ನಸುಕಿನ ನಾಲ್ಕಕ್ಕೆ, ಲಾರಿ ಡ್ರೈವರನ ಬೈಗುಳದ ಜೊತೆ ಗೊತ್ತಾಗುತ್ತಿತ್ತು.

ಪಾಳಿ ಬದಲಾಗುವ ಹತ್ತು ನಿಮಿಷ

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಈಗ ಅಲ್ಲಿನ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಕುಡತಿನಿಯಲ್ಲಿ ಇನ್ನೊಂದು ಕೇಂದ್ರವಿದೆ, ತೋರಣಗಲ್ಲಿನಲ್ಲಿ ಉಕ್ಕಿನ ಕುಲುಮೆಗಳಿವೆ. ಇವು ಸಂಜೆ ಬೀಗ ಹಾಕಿ ಮನೆಗೆ ಹೋಗುವ ಕೆಲಸಗಳಲ್ಲ; ಯಂತ್ರ ನಡೆಯುತ್ತಲೇ ಇರುತ್ತದೆ, ಅದನ್ನು ನೋಡಿಕೊಳ್ಳುವ ಮನುಷ್ಯ ದಿನಕ್ಕೆ ಮೂರು ಸಲ ಬದಲಾಗುತ್ತಾನೆ. ಯಂತ್ರದ ಸ್ಥಿತಿಯ ಬಗ್ಗೆ ಒಬ್ಬನ ತಲೆಯಲ್ಲಿರುವುದೆಲ್ಲ ಇನ್ನೊಬ್ಬನ ತಲೆಗೆ ಹೋಗಬೇಕಾದ ಆ ಹತ್ತು ನಿಮಿಷವೇ ಇಡೀ ದಿನದಲ್ಲಿ ಹೆಚ್ಚು ಅಪಾಯದ್ದು, ಮತ್ತು ಗೇಟಿನ ಹೊರಗೆ ಬಸ್ಸು ಹಾರನ್ ಹೊಡೆಯುತ್ತಿರುವುದೂ ಅದೇ ಹತ್ತು ನಿಮಿಷದಲ್ಲಿ.

1988ರ ಜುಲೈ 6ರಂದು ಬ್ರಿಟನ್ನಿನ ಪಾಲಿನ ಉತ್ತರ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆ ಸ್ಫೋಟಗೊಂಡು 167 ಜನ ಸತ್ತರು. ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷತಾ ಕವಾಟವನ್ನು ದುರಸ್ತಿಗೆ ಬಿಚ್ಚಿದ್ದರು, ಕೆಲಸ ಮುಗಿದಿರಲಿಲ್ಲ. ಕವಾಟ ಬಿಚ್ಚಿರುವ ಸಂಗತಿ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ಇನ್ನೊಂದು ಪಂಪು ನಿಂತಾಗ ಅವರು ಇದನ್ನು ಚಾಲೂ ಮಾಡಿದರು. ಕೆಲಸದ ಅನುಮತಿ ಪತ್ರವೇನೋ ಇತ್ತು. ಅದು ಬೇಕಾದವರ ಕೈಯಲ್ಲಿರಲಿಲ್ಲ.

ನಾನು ಕೆಲಸ ಮಾಡಿದ ಕಾರ್ಖಾನೆಯಲ್ಲಿ ನಡೆದದ್ದು ಇದರ ಮುಂದೆ ತೀರ ಸಣ್ಣದು, ಆದರೆ ಹೋಲಿಕೆ ಇದೆ. ಒಂದು ನೀರಿನ ಪಂಪಿನ ಸೀಲು ಸೋರುತ್ತಿದ್ದುದರಿಂದ ಅದನ್ನು ಚಾಲೂ ಮಾಡಬಾರದೆಂದು ಬಾಯಿಮಾತಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಪಾಳಿ ಪುಸ್ತಕದಲ್ಲಿ ಮಾತ್ರ ಹನ್ನೊಂದು ದಿನವೂ "ಎಲ್ಲಾ ಸರಿ ಇದೆ" ಎಂದೇ ಬರೆದು ಸಹಿ ಮಾಡಲಾಗಿತ್ತು; ಹಿಂದಿನವರು ಬರೆದದ್ದನ್ನು ನೋಡಿ ಮುಂದಿನವರು ಬರೆಯುತ್ತಿದ್ದರು. ರಜೆಯಿಂದ ಮರಳಿದ ಒಬ್ಬರು ಹನ್ನೆರಡನೆಯ ದಿನ ಪುಸ್ತಕ ಓದಿ, ನಂಬಿ, ಪಂಪು ಚಾಲೂ ಮಾಡಿದರು. ಮೋಟರು ಸುಟ್ಟಿತು. ವಿವರಣೆ ಕೇಳಿ ನೋಟಿಸು ಬಂದದ್ದು ಪುಸ್ತಕ ಓದಿದ ಆ ಒಬ್ಬರಿಗೇ, ಸುಳ್ಳು ಸಹಿ ಮಾಡಿದ ನಮಗಲ್ಲ.

ಆ ಬಳಿಕ ನಾವು ಪುಸ್ತಕದ ನಮೂನೆಯನ್ನೇ ಬದಲಿಸಿದೆವು. "ಎಲ್ಲಾ ಸರಿ" ಎಂದು ಬರೆಯಲು ಜಾಗವಿಲ್ಲದಂತೆ ಮಾಡಿ, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಏನನ್ನು ಮುಟ್ಟಬಾರದು, ಎಂದಿನಂತೆ ಇಲ್ಲದ್ದು ಯಾವುದು ಎಂಬ ಮೂರನ್ನೇ ಕೇಳಿದೆವು. ಏನೂ ಇಲ್ಲದಿದ್ದರೆ "ನಾನೇ ಹೋಗಿ ನೋಡಿದೆ, ಏನೂ ಇಲ್ಲ" ಎಂದು ಸಮಯದೊಂದಿಗೆ ಬರೆಯಬೇಕು. ಬರೆದದ್ದನ್ನು ಇಬ್ಬರೂ ಎದುರುಬದುರು ನಿಂತು, ಸಾಧ್ಯವಾದರೆ ಯಂತ್ರದ ಬಳಿಯೇ ನಿಂತು, ಓದಬೇಕು. ಬಸ್ಸಿನ ವಿಷಯಕ್ಕೆ ಇದ್ದದ್ದು ಒಂದೇ ಪರಿಹಾರ: ಬಸ್ಸನ್ನು ಹದಿನೈದು ನಿಮಿಷ ತಡವಾಗಿ ಹೊರಡಿಸುವುದು. ಇದನ್ನು ಆಡಳಿತ ಒಪ್ಪಲು ಆರು ತಿಂಗಳು ಹಿಡಿಯಿತು.

ಕೆಳಗಿನ ಸುದ್ದಿ ಮೇಲೇರಲು ಏತ ಬೇಕು

ಆದೇಶ ನೀರಿನಂತೆ ತಾನಾಗಿ ಕೆಳಕ್ಕೆ ಹರಿಯುತ್ತದೆ. ಕೆಟ್ಟ ಸುದ್ದಿ ಹಾಗಲ್ಲ, ಅದನ್ನು ಏತ ಹಾಕಿಯೇ ಎತ್ತಬೇಕು. ಯಂತ್ರದಿಂದ ಬರುತ್ತಿರುವ ಹೊಸ ಸದ್ದು, ಗೋದಾಮಿನ ಮೂಲೆಯ ಮುಗ್ಗಲು ವಾಸನೆ, ಗಿರಾಕಿಯ ಅಸಮಾಧಾನ, ಇವೆಲ್ಲ ಮೊದಲು ಗೊತ್ತಾಗುವುದು ಅತಿ ಕಡಿಮೆ ಸಂಬಳದವರಿಗೆ. ಅವರು ಹೇಳುತ್ತಾರೋ ಇಲ್ಲವೋ ಎಂಬುದು ಹಿಂದಿನ ಸಲ ಹೇಳಿದವನಿಗೆ ಏನಾಯಿತು ಎಂಬುದರ ಮೇಲೆ ನಿಂತಿರುತ್ತದೆ. ನೀವು ಒಂದೇ ಒಂದು ಸಲ "ನಿನ್ನ ಕೆಲಸ ನೀ ನೋಡ್ಕೋ" ಎಂದಿದ್ದರೆ ಸಾಕು, ಮುಂದಿನ ಎರಡು ವರ್ಷ ನಿಮ್ಮ ಬಳಿಗೆ ಒಳ್ಳೆಯ ಸುದ್ದಿ ಮಾತ್ರ ಬರುತ್ತದೆ.

ಇದಕ್ಕೆ ಸಲಹೆ ಪೆಟ್ಟಿಗೆ ಇಡುವವರುಂಟು. ನಾನು ಕಂಡ ಪೆಟ್ಟಿಗೆಗಳಲ್ಲಿ ಬಹುಪಾಲು ಧೂಳೂ ಕೆಲವು ಬೈಗುಳವೂ ಇದ್ದವು. ಫಲ ಕೊಟ್ಟದ್ದು ಬೇರೆ: ವ್ಯವಸ್ಥಾಪಕನಾದವನು ವಾರಕ್ಕೊಮ್ಮೆ ಗೊತ್ತಾದ ಹೊತ್ತಿನಲ್ಲಿ ಕೆಲಸದ ಜಾಗಕ್ಕೇ ಹೋಗಿ, "ಹೆಂಗ ನಡದೈತಿ?" ಎಂಬ ಹಗುರ ಪ್ರಶ್ನೆಯ ಬದಲು "ಈ ವಾರ ನಿಮ್ಮ ಕೆಲಸ ಯಾವುದರಿಂದ ನಿಂತಿತು?" ಎಂಬ ಗಟ್ಟಿ ಪ್ರಶ್ನೆ ಕೇಳುವುದು. ಮೊದಲನೆಯದಕ್ಕೆ "ಛಲೋ ಐತ್ರಿ" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ, ಎರಡನೆಯದಕ್ಕೆ ಯೋಚಿಸಲೇಬೇಕು. ಬಂದ ದೂರಿನಲ್ಲಿ ಒಂದನ್ನಾದರೂ ಮುಂದಿನ ವಾರದೊಳಗೆ ಬಗೆಹರಿಸಿ, ಆಗದ್ದನ್ನು ಯಾಕೆ ಆಗದು ಎಂದು ಹೇಳಿದವರಿಗೇ ಮರಳಿ ತಿಳಿಸಿ. ಹೇಳಿದ್ದು ಎಲ್ಲಿಗೆ ಹೋಯಿತೆಂದು ಗೊತ್ತಾಗದಿದ್ದರೆ ಜನ ಎರಡನೆಯ ಸಲ ಹೇಳುವುದಿಲ್ಲ.

ಸುದ್ದಿ ಇಲ್ಲದ ಹೊತ್ತಿನಲ್ಲಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂರಿಸಿ ನೀರು ತಡೆಯಲು ಸುಮಾರು ಒಂದು ವಾರ ಬೇಕಾಯಿತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ ನೂರಕ್ಕೂ ಹೆಚ್ಚು ಸಂದೇಶಗಳಿದ್ದವು, ಅವುಗಳಲ್ಲಿ ಅರ್ಧ ಯಾವುದೋ ಊರಿನ ಯಾವುದೋ ಹೊಳೆಯ ವಿಡಿಯೋಗಳು. ಜನ ಸುಮ್ಮನೆ ಕೂರುವುದಿಲ್ಲ. ಹೇಳಬೇಕಾದವರು ಹೇಳದಿದ್ದರೆ ಅವರೇ ಹೇಳಿಕೊಳ್ಳುತ್ತಾರೆ. ಇಂಥ ಹೊತ್ತಿನಲ್ಲಿ ಮುಖ್ಯಸ್ಥರು ಪೂರ್ತಿ ವಿವರಕ್ಕಾಗಿ ಕಾಯಬಾರದು. ಖಚಿತವಾಗಿ ಗೊತ್ತಿರುವುದು ಇಷ್ಟು, ಗೊತ್ತಿಲ್ಲದಿರುವುದು ಇಷ್ಟು, ನೀವು ಈಗ ಮಾಡಬೇಕಾದದ್ದು ಇದು, ಮುಂದಿನ ಮಾಹಿತಿ 14:00 ಗಂಟೆಗೆ ಎಂದು ನಾಲ್ಕು ಸಾಲು ಬರೆದು, ಹೊಸದೇನೂ ಇಲ್ಲದಿದ್ದರೂ 14:00 ಗಂಟೆಗೆ "ಹೊಸದೇನಿಲ್ಲ" ಎಂದು ಬರೆಯಬೇಕು. ಸಂಬಳ ತಡವಾಗುವ ತಿಂಗಳಿಗೂ ಈ ಕ್ರಮವೇ ಸರಿ.

ವಾಟ್ಸಾಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆದೇಶಕ್ಕೊಂದು, ಶುಭಾಶಯಕ್ಕೊಂದು ಎಂದು ಎರಡು ಗುಂಪು ಮಾಡಿ. ಎರಡು ನೀಲಿ ಗೆರೆ ಎಂದರೆ ತೆರೆದರು ಎಂದರ್ಥ, ತಿಳಿದರು ಎಂದಲ್ಲ. ಹೆಬ್ಬೆರಳಿನ ಚಿತ್ರ "ಆತ್ರಿ"ಯ ತಮ್ಮ. ಓದು ಬಾರದವರಿಗೆ ಧ್ವನಿ ಸಂದೇಶ ಒಳ್ಳೆಯದು, ಆದರೆ ಒಂದು ಸಂದೇಶದಲ್ಲಿ ಒಂದೇ ವಿಷಯವಿರಲಿ. ಸಭೆಗಳ ಬಗ್ಗೆಯೂ ಅಷ್ಟೇ: ಯಾರು ಏನನ್ನು ಯಾವ ತಾರೀಖಿಗೆ ಮಾಡುತ್ತಾರೆ ಎಂಬ ನಡಾವಳಿ ಅದೇ ದಿನ ಸಂಜೆಯೊಳಗೆ ಎಲ್ಲರ ಕೈ ಸೇರದಿದ್ದರೆ ಆ ಸಭೆ ನಡೆದಿಲ್ಲ ಎಂದೇ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಂಥ ಊರಿನಲ್ಲಿ ಊಟವಾದ ಮೇಲೆ ಸಭೆ ಕರೆಯುವವರಿಗೆ ಹೇಳಬೇಕಾದ ಮಾತು ಬೇರೆಯೇ ಇದೆ, ಇಲ್ಲಿ ಬೇಡ.

ಯಾವ ನುಡಿಯಲ್ಲಿ?

ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳ ಮೊದಲು ನಿಜಾಮರ ಕೈಯಲ್ಲಿ, ಆಮೇಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹೀಗಾಗಿ ನಮ್ಮ ಕಚೇರಿ ಮತ್ತು ಪೇಟೆಯ ಮಾತಿನಲ್ಲಿ ಒಂದು ಕಡೆ ತೆಲುಗು, ಇನ್ನೊಂದು ಕಡೆ ಉರ್ದು ನೆಲೆಸಿವೆ, ಕಾರ್ಖಾನೆಗಳು ಬಂದ ಮೇಲೆ ಹಿಂದಿಯೂ ಸೇರಿದೆ. ಇದನ್ನು ದೋಷವೆಂದು ತಿಳಿಯದೆ ಬಳಕೆಯ ಪದಗಳನ್ನೇ ಬರವಣಿಗೆಗೂ ತನ್ನಿ. ಎಲ್ಲರೂ "ಕಾಟಾ" ಎನ್ನುವಾಗ ನೋಟಿಸಿನಲ್ಲಿ "ತೂಕಮಾಪನ ಯಂತ್ರ" ಎಂದು ಬರೆದರೆ ಓದುವವನು ಅದು ಇನ್ನಾವುದೋ ಹೊಸ ಯಂತ್ರವೆಂದು ತಿಳಿಯುತ್ತಾನೆ. ಹೊಸಬರು ಸೇರಿದಾಗ ಮೊದಲ ದಿನವೇ ನಿಮ್ಮ ಸಂಸ್ಥೆಯ ಇಂಥ ಮೂವತ್ತು ನಲವತ್ತು ಪದಗಳನ್ನು ತೋರಿಸಿ, ಮುಟ್ಟಿಸಿ ಕಲಿಸಿ. ಪ್ರಾಣಕ್ಕೆ ಸಂಬಂಧಿಸಿದ ಕಡೆ ನುಡಿಯನ್ನೇ ನಂಬಬೇಡಿ. ಹಟ್ಟಿಯ ಚಿನ್ನದ ಗಣಿಯಂಥ ಆಳದ ಗಣಿಗಳಲ್ಲಿ ಜನರನ್ನು ಇಳಿಸಿ ಏರಿಸುವ ಪಂಜರಕ್ಕೆ ಗಂಟೆಯ ಸಂಕೇತಗಳುಂಟು. ಎಷ್ಟು ಬಡಿತಕ್ಕೆ ಏನರ್ಥ ಎಂಬುದು ಮೊದಲೇ ಗೊತ್ತುಮಾಡಿದ್ದು, ಬಡಿಯುವವನು ಯಾವ ನುಡಿಯವನಾದರೂ ಅರ್ಥ ಬದಲಾಗುವುದಿಲ್ಲ.

ನಮ್ಮ ಗಿರಣಿಯ ಲಾರಿ ಚೀಟಿಯೂ ಕೊನೆಗೆ ಇದೇ ದಾರಿ ಹಿಡಿಯಿತು. ನಾನು ಮೊದಲು ಮಾಡಿಸಿದ ಚೀಟಿಯಲ್ಲಿ ಪಾರ್ಟಿಯ ಹೆಸರು, ಅಕ್ಕಿಯ ತಳಿ, ಒಟ್ಟು ಕ್ವಿಂಟಲ್, ಚೀಲದ ತೂಕ, ಚೀಲಗಳ ಸಂಖ್ಯೆ, ಸಮಯ, ಎಲ್ಲವೂ ಅಚ್ಚುಕಟ್ಟಾಗಿ ಅಚ್ಚಾಗಿದ್ದವು. ಅದನ್ನು ಮೇಸ್ತ್ರಿಯ ಕೈಗೆ ಕೊಟ್ಟಾಗ ಆತ ತುಸು ಹೊತ್ತು ತಿರುಗಿಸಿ ನೋಡಿ, "ಸಾಹೇಬ್ರ, ನಮ್ಮ ಹುಡುಗ್ರಿಗೆ ಓದಾಕ ಬರಂಗಿಲ್ಲ, ಅವರು ಪಾರ್ಟಿ ಹೆಸರ ನೋಡಂಗಿಲ್ಲ, ಲಾರಿ ನಂಬರ ನೋಡ್ತಾರ. ಅದನ್ನ ಮ್ಯಾಲ ದೊಡ್ಡದಾಗಿ ಹಾಕ್ರಿ. ಇಪ್ಪತ್ತೈದರ ಚೀಲಕ್ಕ ಒಂದ ಗೆರಿ, ಐವತ್ತರದಕ್ಕ ಎರಡ ಗೆರಿ ಎಳೀರಿ, ಸಾಕು" ಎಂದ. ಲಾರಿ ನಂಬರನ್ನು ಮೇಲಕ್ಕೆ ತಂದು, ಚೀಟಿಯ ಬಲಗಡೆ ಮೂಲೆಯಲ್ಲಿ ಖಾಲಿ ಚೌಕವೊಂದನ್ನು ಬಿಟ್ಟು ಮತ್ತೆ ಅಚ್ಚು ಹಾಕಿಸಿದೆವು. ಆ ಚೌಕದಲ್ಲಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುವುದು ಮೇಸ್ತ್ರಿಯದೇ ಕೆಲಸವಾಯಿತು.